ಮೊದಲ ಮಂದ ಬೆಳಕಿನ ಸಿಡುಕಮ್ಮ

ಹೊರಗೆ ಬೆಳಕು ಹರಿಯುತ್ತಿರಬೇಕು. ಕಿಟಕಿಯಿಲ್ಲದ ಈ ನಿಯಂತ್ರಣ ಕೊಠಡಿಗೆ ಅದು ತಿಳಿಯುವುದಿಲ್ಲ. ಮೂಲೆಯ ಪರದೆಯೆದುರು ಸ್ವೆಟರಿನ ತೋಳು ಮೇಲೇರಿಸಿ ಕೂತ ಹೆಂಗಸು ಒಂದು ಗೆರೆಯನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತಾರೆ, ದಿಟ್ಟಿಸುತ್ತಾರೆ, ಮತ್ತೆ ಇಳಿಸುತ್ತಾರೆ.

"ಮೇಡಂ, ಟೀ ತಣ್ಣಗಾಗ್ತಿದೆ," ಎನ್ನುತ್ತೇನೆ, ಇವರ ಬಗ್ಗೆ ಬರೆಯಲು ಬಂದ ನಾನು.

"ಆಗ್ಲಿ. ತಲೆ ಬಿಸಿ ಇದೆಯಲ್ಲ, ಸಾಕು."

ಪ್ರಯೋಗಾಲಯದಲ್ಲಿ ಎಲ್ಲರೂ ಬೆನ್ನ ಹಿಂದೆ ಇವರನ್ನು ಸಿಡುಕಮ್ಮ ಎನ್ನುತ್ತಾರೆ. ಅದು ಅವರಿಗೂ ಗೊತ್ತು.

ಸಾಸಿವೆ ಕಾಳಿನಷ್ಟು ಇಂಧನದ ಗುಂಡನ್ನು ಎಲ್ಲ ಕಡೆಯಿಂದ ಲೇಸರ್ ಬಲದಿಂದ ಹಿಸುಕಿ, ಒಳಗಿನ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯತ್ನ ಇಲ್ಲಿ ನಡೆದಿದೆ. ರೆಪ್ಪೆ ಮಿಟುಕಿಸುವುದರ ಕೋಟಿಯಲ್ಲೊಂದು ಪಾಲು ಹೊತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಅಷ್ಟರಲ್ಲೇ ಬೆಳಕು ಮಂದವಾಗಿ ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ಅಪ್ಪಳಿಸಬೇಕು. ಆ ಏರಿಕೆಯ ಆಕಾರವನ್ನು ಪರದೆಯ ಮೇಲೆ ಗೆರೆಯಾಗಿ ರೂಪಿಸುವವರು ಇವರು.

"ಆರಂಭದಲ್ಲಿ ಅವಸರ ಮಾಡಿದ್ರೆ ಗುಂಡು ಒಳಗೇ ಕಾದುಬಿಡುತ್ತೆ. ಕಾದಿದ್ದು ಹಿಸುಕೋಕೆ ಬಗ್ಗಲ್ಲ. ಎಲ್ಲರಿಗೂ ಕೊನೇ ಹೊಡೆತ ಬೇಕು. ನನ್ನ ಜೀವ ಹೋಗೋದು ಆ ಮೊದಲ ಮಂದ ಬೆಳಕಲ್ಲಿ."

ಇವರ ತಂದೆ ಗೇಟು, ಗ್ರಿಲ್ಲುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದವರು. "ಅವಸರದ ಬೆಸುಗೆ ಅಲ್ಲೇ ಬಿಡುತ್ತೆ ಅಂತಿದ್ರು ಅಪ್ಪ. ಅಷ್ಟು ಅರ್ಥ ಆಗೋಕೆ ಇಲ್ಲಿ ಎಷ್ಟು ಜನರಿಗೆ ಡಾಕ್ಟರೇಟ್ ಬೇಕಾಯ್ತು, ಆದ್ರೂ ಆಗಿಲ್ಲ. ನನ್ನದೂ ಸೇರಿಸಿಕೊಳ್ಳಿ."

ಕಳೆದ ತಿಂಗಳು ದೊಡ್ಡ ಅತಿಥಿಗಳು ಬರುವವರಿದ್ದರು. ಕೊನೆಯ ಹೊಡೆತ ಜೋರಾಗಿರಲಿ, ಅದಕ್ಕಾಗಿ ಮಂದ ಬೆಳಕನ್ನು ಮೊಟಕು ಮಾಡಿ ಎಂದರು ನಿರ್ದೇಶಕರು. ಆಗುವುದಿಲ್ಲ ಎಂದರು ಇವರು. ತಾಯಿಯ ಕಣ್ಣಿನ ಆಪರೇಷನ್‌ಗೆಂದು ರಜೆ ಹಾಕಿದ ದಿನ, ಇವರಿಗೆ ಒಂದು ಮಾತೂ ಹೇಳದೆ ಆಕಾರ ಬದಲಾಯಿತು. ಗುಂಡು ಕುಗ್ಗದೆ ಚೆದುರಿಹೋಯಿತು. ಅತಿಥಿಗಳು ಕಾಫಿ ಕುಡಿದು ಹೊರಟರು. ಸಂಜೆಯ ವರದಿ 'ವಿನ್ಯಾಸದ ದೋಷ' ಎಂದು ಷರಾ ಬರೆಯಿತು, ಪಕ್ಕದಲ್ಲೇ ಇವರ ಹೆಸರು. ಗೆದ್ದಾಗಲೆಲ್ಲ 'ಮತ್ತು ತಂಡ' ಆಗಿದ್ದವರಿಗೆ ಸೋಲಿನಲ್ಲಿ ಪೂರ್ತಿ ಹೆಸರು ಸಿಕ್ಕಿತು.

"ಇನಿಷಿಯಲ್ ಸಮೇತ," ಎನ್ನುತ್ತಾರೆ ಸಿಡುಕಮ್ಮ. "ಅದನ್ನಾದ್ರೂ ನುಂಗಿಕೊಳ್ತಿದ್ದೆ. ಕೆಳಗಿನ ಮಹಡೀಲಿ ಒಬ್ಬರು ಅಣ್ಣ ಇದ್ದಾರೆ. ವಾರಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿ ಆ ಗುಂಡು ಮಾಡಿದ್ದು ಅವರು. ನಾನು ಹೋದಾಗ, 'ಹೋಗ್ಲಿ ಬಿಡಮ್ಮ, ಇನ್ನೊಂದು ಮಾಡ್ತೀನಿ' ಅಂದ್ರು. ಬೈದಿದ್ರೆ ಸಮಾಧಾನ ಆಗ್ತಿತ್ತು."

ಮರುದಿನದ ಸಭೆಯಲ್ಲಿ ಇವರು ಎದ್ದು ನಿಂತರು. "ಆ ಮಾತು ವಾಪಸ್ ತಗೊಳ್ಳೋವರೆಗೂ ನನ್ನ ಕೈಯಿಂದ ಒಂದು ಗೆರೆ ಬರಲ್ಲ, ಸರ್."

"ಚಿಕ್ಕ ವಿಷಯ ಮೇಡಂ, ದೊಡ್ಡದು ಮಾಡ್ಬೇಡಿ," ಎಂದರು ನಿರ್ದೇಶಕರು.

"ಚಿಕ್ಕದಾದ್ರೆ ಅಲ್ಲಿ ನಿಮ್ಮ ಹೆಸರೇ ಹಾಕ್ಕೊಳ್ಳಿ."

ಎರಡು ವಾರ ಲೇಸರ್ ಸುಮ್ಮನೆ ನಿಂತಿತು. ಕೊನೆಗೆ ಒಂದು ಸಾಲಿನ ತಿದ್ದುಪಡಿ ಬಂತು: ವಿನ್ಯಾಸಕರ ಒಪ್ಪಿಗೆಯಿಲ್ಲದೆ ಬದಲಾವಣೆಯಾಗಿತ್ತು. ಮಾಡಿದ್ದು ಯಾರು ಎಂದಿಲ್ಲ. ಕ್ಷಮೆ ಎಂಬ ಪದದ ಸುಳಿವೂ ಇಲ್ಲ.

ಇಂದು ಇವರದೇ ಆಕಾರ, ಅಣ್ಣನ ಹೊಸ ಗುಂಡು. ಲೇಸರ್ ಹೊಡೆತ ಮುಗಿದು ಚಿತ್ರ ಪರದೆಗೆ ಬರುತ್ತದೆ. ಗುಂಡು ನಾಲ್ಕೂ ಕಡೆ ಸಮನಾಗಿ ಕುಗ್ಗಿದೆ. ಕೊಠಡಿಯ ತುಂಬ ಚಪ್ಪಾಳೆ. ಇವರು ಫೋನ್ ಎತ್ತಿ, "ಅಣ್ಣ, ದುಂಡಗಿದೆ," ಎಂದಷ್ಟೇ ಹೇಳುತ್ತಾರೆ. ನಿರ್ದೇಶಕರು ಫೋಟೊಗೆ ಕರೆಯುತ್ತಾರೆ, ಇವರು ಕದಲುವುದಿಲ್ಲ.

ಏನು ಬೇಕು ನಿಮಗೆ ಎಂದು ಕೇಳುತ್ತೇನೆ.

"ಅಣ್ಣ ಒಂದು ಸಲಾನೂ ಹೊಡೆತ ನೋಡಿಲ್ಲ. ಈ ಕೋಣೆಗೆ ಅವರಿಗೆ ಪಾಸ್ ಇಲ್ಲವಂತೆ. ಮುಂದಿನ ಸಲ ಅವರು ಇಲ್ಲಿ ಕೂತು ನೋಡ್ಬೇಕು. ಕುರ್ಚಿ ಕಮ್ಮಿ ಬಿದ್ರೆ ಸಾಹೇಬ್ರು ನಿಂತ್ಕೊಳ್ಳಲಿ."