ಕಂಪ್ಯೂಟರಿನ ಬೆಟ್ಟದಲ್ಲಿ ಅಪ್ಪನ ಬೆಂಕಿ

ಇದು ನಡೆದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಅಪ್ಪ ತೀರಿಕೊಂಡು ಆಗ ಮೂರು ವರ್ಷ ಕಳೆದಿತ್ತು. ಅವ್ವ ಸೇಲಂನಲ್ಲಿ ನನ್ನ ಮತ್ತು ನನ್ನ ಗಂಡನ ಜೊತೆ ಇದ್ದಳು, ಈಗಲೂ ಇದ್ದಾಳೆ. ನನ್ನ ತವರು ಕೊಳತ್ತೂರಿನ ಕಡೆ, ಪಾಲಮಲೆಯ ಬುಡದಲ್ಲಿರುವ ಒಂದು ಸಣ್ಣ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಹಾಗೆ ಬೆಳೆದವಳು ನಾನು. ಕನ್ನಡ ಅಕ್ಷರ ಕಲಿಸಿದ್ದು ಗಂಡ, ಅವರು ಕೊಳ್ಳೇಗಾಲದವರು. ಈ ಬರಹದಲ್ಲಿ ತಪ್ಪು ಕಂಡರೆ ದಯವಿಟ್ಟು ಅವರನ್ನೇ ಬೈಯಿರಿ.

ನನ್ನ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಾರೆ. ನಾನು ಬೆಟ್ಟ ಮಾಡುತ್ತೇನೆ. ಸೇಲಂನ ಒಂದು ಸಣ್ಣ ಕಂಪನಿಯಲ್ಲಿ ಕೂತು, ಕಂಪ್ಯೂಟರ್ ಆಟಗಳಿಗೂ ಜಾಹೀರಾತುಗಳಿಗೂ ಬೇಕಾಗುವ ಬೆಟ್ಟ, ಕಣಿವೆ, ಬಯಲುಗಳನ್ನು ತಯಾರಿಸುವುದು. ಉಪಗ್ರಹದಿಂದ ನೆಲದ ಎತ್ತರವನ್ನು ಅಳೆದು ಮಾಡಿದ ನಕ್ಷೆಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ನೋಡಲು ಏನೂ ಚೆಂದವಿಲ್ಲ, ಮಸಿ ಚೆಲ್ಲಿದ ಕಾಗದದ ಹಾಗಿರುತ್ತವೆ. ತಗ್ಗಿದ್ದಲ್ಲಿ ಕಪ್ಪು, ಎತ್ತರವಿದ್ದಲ್ಲಿ ಬಿಳಿ, ನಡುವೆಲ್ಲ ಬೂದು ಬಣ್ಣ. ಅದನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಬಿಳಿ ಜಾಗವೆಲ್ಲ ಮೇಲೆದ್ದು ನಿಲ್ಲುತ್ತದೆ, ಕಪ್ಪು ಕೆಳಗೇ ಉಳಿಯುತ್ತದೆ. ಆಮೇಲೆ ಕಲ್ಲಿನ ಬಣ್ಣ, ಹುಲ್ಲು, ಮರ, ಬಿಸಿಲು ಎಲ್ಲ ನಾವು ಹಾಕಿಕೊಳ್ಳಬೇಕು. ಕ್ಯಾಮೆರಾವನ್ನು ಎಲ್ಲಿ ಇಡುತ್ತೇವೋ, ಅಲ್ಲಿ ನಿಂತವರ ಕಣ್ಣಿಗೆ ಬೀಳುವುದು ನಮಗೂ ಪರದೆಯ ಮೇಲೆ ಕಾಣುತ್ತದೆ.

ಅವ್ವನಿಗೆ ನನ್ನ ಈ ಕೆಲಸದ ಮೇಲೆ ಒಂದು ಚೂರೂ ಮರ್ಯಾದೆ ಇರಲಿಲ್ಲ. "ಬೆಟ್ಟ ಮಾಡೋಕೆ ಸಂಬಳ ಕೊಡ್ತಾರಾ? ಆಚೆ ಚುಮ್ಮಾ ಬಿದ್ದೈತಲ್ಲ ಬೇಕಾದಷ್ಟು ಬೆಟ್ಟ" ಎನ್ನುತ್ತಿದ್ದಳು. ಒಂದು ಭಾನುವಾರ ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಹಿಮದ ಬೆಟ್ಟಕ್ಕೆ ಬಣ್ಣ ಹಚ್ಚುತ್ತಿದ್ದೆ. ಅವ್ವ ಪಕ್ಕದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದಳು.

"ಇದ್ಯಾವೂರ ಬೆಟ್ಟ ಕಣ್ಣು?" ಎಂದಳು. ನಮ್ಮ ಕಡೆ ಮುದ್ದಿಗೆ ಮಕ್ಕಳನ್ನು ಹಾಗೆಯೇ ಕರೆಯುವುದು.

"ಯಾವುದೋ ದೇಶದ್ದು ಅವ್ವ. ನಂಗೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ದಿರೋ ಬೆಟ್ಟ ಮಾಡ್ತೀಯ. ನಮ್ ಬೆಟ್ಟ ಬರಾಕಿಲ್ವಾ ಇದ್ರಲ್ಲಿ?"

ಅದುವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಯಾರ ಯಾರದೋ ಬೆಟ್ಟ ಮಾಡಿ ಕೈ ಪಳಗಿಸಿಕೊಂಡವಳು ನನ್ನ ಊರಿನ ಬೆಟ್ಟವನ್ನು ಒಂದು ದಿನವೂ ಎಬ್ಬಿಸಿ ನೋಡಿರಲಿಲ್ಲ. ಕೂಡಲೇ ನಮ್ಮ ಕಡೆಯ ನಕ್ಷೆ ಇಳಿಸಿಕೊಂಡು ಸಾಫ್ಟ್‌ವೇರಿಗೆ ಕೊಟ್ಟೆ. ಪಾಲಮಲೆ ಮೆಲ್ಲಗೆ ಎದ್ದು ಕೂತಿತು. ಅದರ ಬುಡದಿಂದಾಚೆ ಮೆಟ್ಟೂರು ಅಣೆಕಟ್ಟಿನ ನೀರು ಬರೀ ಸಪಾಟು ಹಾಳೆಯಾಗಿ ಹರಡಿತು. ನಾನು ಹೆಮ್ಮೆಯಿಂದ ಅವ್ವನ ಕಡೆ ನೋಡಿದೆ.

"ಇದು ಆಕಾಸದಿಂದ ನೋಡ್ದಂಗೈತೆ. ನಾನೇನ್ ಕಾಗೆಯಾ? ನಮ್ ಇತ್ಲಲ್ಲಿ ಕುಂತ್ರೆ ಎಂಗ್ ಕಾಣ್ತದೋ ಅಂಗೆ ತೋರ್ಸು. ದೊಡ್ಡಿ ಬೆಂಕಿನೂ ಆಕು" ಎಂದಳು.

ದೊಡ್ಡಿ ಬೆಂಕಿ ಎಂದರೆ ಏನೆಂದು ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಪೊಂಗಲ್ ಕಳೆದು ಕೆಳಗೆ ಹುಲ್ಲು ಒಣಗಿದ ಮೇಲೆ ಅಪ್ಪ ಮತ್ತು ಚಿಕ್ಕಪ್ಪ ಕುರಿ ಹೊಡೆದುಕೊಂಡು ಬೆಟ್ಟ ಹತ್ತುತ್ತಿದ್ದರು. ಮಳೆ ಬೀಳುವವರೆಗೂ ಅಲ್ಲೇ ಮುಳ್ಳಿನ ದೊಡ್ಡಿ ಕಟ್ಟಿಕೊಂಡು ಇರುತ್ತಿದ್ದರು. ಆಗ ಫೋನು ಇರಲಿಲ್ಲ. ಬಂದ ಮೇಲೂ ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಬೆಟ್ಟದಲ್ಲಿ ಒಂದು ಬೆಂಕಿ ಕಾಣಬೇಕು. ಕಂಡರೆ ಮೇಲಿರುವವರು ಸುಖವಾಗಿದ್ದಾರೆ ಎಂದು ಕೆಳಗಿರುವವರು ತಿಳಿದುಕೊಳ್ಳುತ್ತಿದ್ದರು. ಕುರಿ ಇದ್ದ ಮನೆಗಳ ಹೆಂಗಸರೆಲ್ಲ ಸಂಜೆ ಹಿತ್ತಲಿನಲ್ಲಿ ನಿಂತು ತಮ್ಮ ತಮ್ಮ ಬೆಂಕಿ ಹುಡುಕುತ್ತಿದ್ದರು. ನಮ್ಮದು ಎಲ್ಲಕ್ಕಿಂತ ಬಲಕ್ಕೆ ಕಾಣುತ್ತಿತ್ತು.

ಅವ್ವ ನಮಗೆಲ್ಲ ಬಡಿಸಿಬಿಟ್ಟು ಹಿತ್ತಲಿನ ಒರಳುಕಲ್ಲಿನ ಮೇಲೆ ಕೂರುತ್ತಿದ್ದಳು. ಬೆಂಕಿ ಕಂಡ ಮೇಲೆಯೇ ಎದ್ದು ಬಂದು ತಾನು ಮುದ್ದೆ ಮುರಿಯುವುದು. ಬೆಂಕಿ ತಡವಾದ ದಿನ ಅವಳ ಹತ್ತಿರ ಸುಳಿಯುವ ಹಾಗಿರಲಿಲ್ಲ, ಸುಮ್ಮಸುಮ್ಮನೆ ಏಟು ಬೀಳುತ್ತಿತ್ತು. ನನ್ನ ಬಾಲ್ಯದ ಬೇಸಿಗೆಗಳೆಲ್ಲ ಹೀಗೆಯೇ ಕಳೆದವು.

ಆ ಭಾನುವಾರ ಅವ್ವನಿಗೆ ಒಂದು ವಾರ ಟೈಮ್ ಕೊಡು ಎಂದೆ. ಅವ್ವನಿಗೋಸ್ಕರ ಮಾಡುವ ಬೆಟ್ಟ, ಗಿರಾಕಿಗೆ ಮಾಡಿಕೊಟ್ಟ ಹಾಗೆ ಮಾಡಿದರೆ ಆಗುತ್ತದೆಯೇ? ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿ ದೊಡ್ಡಿ ಎಲ್ಲಿತ್ತು ಎಂದು ಕೇಳಿದೆ. "ಜೋಡಿ ಬಂಡೆ ದಾಟ್ಕೊಂಡು ಓದ್ರೆ ತಗ್ಗಲ್ಲಿ ಒಂದು ಸುನೆ ಐತಲ್ಲ, ನೀರು ಬತ್ತಾಕಿಲ್ಲ, ಅದ್ರ ಪಕ್ಕ" ಎಂದ. ಉಪಗ್ರಹದ ಚಿತ್ರದಲ್ಲಿ ಜೋಡಿ ಬಂಡೆ ಸಿಕ್ಕಿತು. ಅದರಾಚೆ ಸುತ್ತಲೂ ಒಣಗಿದ ನೆಲದ ನಡುವೆ ಒಂದು ತೇಪೆ ಹಸಿರೂ ಸಿಕ್ಕಿತು. ಅಲ್ಲಿ ಒಂದು ಕೆಂಪು ಬೆಳಕು ಇಟ್ಟೆ. ನಮ್ಮ ಮನೆಯ ಹಿತ್ತಲಿನಲ್ಲಿ, ಒರಳುಕಲ್ಲಿನ ಮೇಲೆ ಕೂತ ಹೆಂಗಸಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟೆ. ಸೂರ್ಯನನ್ನು ಬೆಟ್ಟದ ಹಿಂದಕ್ಕೆ ಇಳಿಸಿದೆ. ಆಕಾಶ ನೇರಳೆಗೆ ತಿರುಗಿತು, ಬೆಟ್ಟ ಕಪ್ಪಾಯಿತು, ನನಗೇ ಮೈ ಜುಮ್ಮೆಂದಿತು. ಬೆಂಕಿ ಮಾತ್ರ ಕಾಣಲಿಲ್ಲ.

ಬೆಳಕು ಸಣ್ಣದಾಯಿತೇನೋ ಎಂದು ಹೆಚ್ಚಿಸಿದೆ. ಆದರೂ ಇಲ್ಲ. ಕ್ಯಾಮೆರಾವನ್ನು ಮೇಲೆತ್ತಿ ನೋಡಿದರೆ ಬೆಂಕಿ ತನ್ನ ತಗ್ಗಿನಲ್ಲಿ ಚೆನ್ನಾಗಿಯೇ ಉರಿಯುತ್ತಿತ್ತು. ಅದಕ್ಕೂ ನಮ್ಮ ಮನೆಗೂ ನಡುವೆ ಒಂದು ಅಡ್ಡಗುಡ್ಡ ನಿಂತಿತ್ತು. ನಕ್ಷೆಯಲ್ಲಿ ಹೆಚ್ಚುಕಡಿಮೆ ಇರಬಹುದೆಂದು ಬೇರೆ ನಕ್ಷೆ ತಂದು ಹಾಕಿದೆ, ಅದರಲ್ಲೂ ಅದೇ ಗುಡ್ಡ. ಅಳತೆಯ ತಪ್ಪು ಎಂದು ತಳ್ಳಿಹಾಕಲು ಅದು ಸಣ್ಣ ಗುಡ್ಡವೂ ಆಗಿರಲಿಲ್ಲ.

ಹಾಗಾದರೆ ಅವ್ವ ಇಷ್ಟು ವರ್ಷ ನೋಡುತ್ತಿದ್ದ ಬೆಂಕಿ ಯಾರದು? ಆ ಬೆಟ್ಟದಲ್ಲಿ ಕುರಿಯವರು ಬೇಕಾದಷ್ಟು ಜನ ಇದ್ದರು. ಯಾರೋ ಅನ್ನ ಬೇಯಿಸಿಕೊಳ್ಳಲು ಹಚ್ಚಿದ ಒಲೆಯನ್ನು ಗಂಡನ ಬೆಂಕಿ ಎಂದುಕೊಂಡು ಅವ್ವ ನೆಮ್ಮದಿಯಿಂದ ಉಂಡು ಮಲಗಿದ್ದಳೇ? ಅಪ್ಪ ಹೋದ ಮೇಲೆ ಅವಳು ಬಾಯಿ ತುಂಬ ಹೇಳಿಕೊಳ್ಳುವುದು ಆ ಬೆಂಕಿಯ ಮಾತೊಂದನ್ನೇ. "ಮಾತಾಡೋಕೆ ಬರ್ತಿರ್ಲಿಲ್ಲ ನಿಮ್ಮಪ್ಪನ್ಗೆ, ಆದ್ರೆ ಬೆಂಕಿ ಒಂದ್ ದಿನ ತಪ್ಪಿಸ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅದನ್ನೂ ನಾನು ಕಿತ್ತುಕೊಳ್ಳಬೇಕಾಯಿತಲ್ಲ ಎಂದು ನನ್ನ ಕೆಲಸದ ಮೇಲೇ ಸಿಟ್ಟು ಬಂತು.

ಅವ್ವ ದಿನಾ "ಆಯ್ತಾ ಕಣ್ಣು?" ಎಂದು ಕೇಳುತ್ತಿದ್ದಳು. ಸಿಸ್ಟಮ್ ಸ್ಲೋ ಐತೆ ಎಂದು ಏನೇನೋ ಸಬೂಬು ಹೇಳುತ್ತಿದ್ದೆ. ಒಂದು ಉಪಾಯ ಇತ್ತು. ಅಡ್ಡಗುಡ್ಡದ ತಲೆ ಸ್ವಲ್ಪ ಸವರಿಬಿಟ್ಟರೆ ಸಾಕು, ಅವ್ವನಿಗೆ ಗೊತ್ತಾಗುವುದಿಲ್ಲ. ಗಿರಾಕಿಗಳು ಕೇಳಿದಾಗಲೆಲ್ಲ ನಾನು ಮಾಡುವುದೇ ಅದು. ಮಾಡಿಯೂ ನೋಡಿದೆ. ಮೌಸ್ ಎಳೆದ ಹಾಗೆ ಗುಡ್ಡ ಬೆಣ್ಣೆಯಂತೆ ಕರಗಿತು, ಬೆಂಕಿ ಇಣುಕಿತು. ಆದರೆ ಅಪ್ಪ ಕಾಲು ಸವೆಸಿದ ನೆಲ ಅದು. ಮಾಡಿದ್ದನ್ನು ಅಳಿಸಿ ಗುಡ್ಡವನ್ನು ಇದ್ದ ಹಾಗೇ ನಿಲ್ಲಿಸಿ, ಚಿಕ್ಕಪ್ಪನಿಗೆ ಮತ್ತೆ ಫೋನ್ ಮಾಡಿದೆ.

"ಚಿಕ್ಕಪ್ಪ, ದೊಡ್ಡಿಯಿಂದ ನಮ್ಮನೆ ಕಾಣ್ತಿತ್ತಾ?"

"ಎಲ್ ಕಾಣ್ತದೆ ಮಾದೇವಿ? ನಡುವ್ಲಿ ಗುಡ್ಡ ಐತಲ್ಲ."

"ಅಂಗಾದ್ರೆ ಅವ್ವ ನೋಡ್ತಿದ್ದ ಬೆಂಕಿ ಯಾರದು?"

ಚಿಕ್ಕಪ್ಪ ಒಂದು ಸಲ ಕೆಮ್ಮಿ, "ನಿಮ್ಮಪ್ಪಂದೇ" ಎಂದ.

"ದೊಡ್ಡೀಲಿ ಅಚ್ಚಿದ್ರೆ ಕಾಣಾಕಿಲ್ಲ ಅಂತ, ದಿನಾ ಕುರಿ ಕೂಡಿದ್ಮೇಲೆ ಸೌದೆ ಒರೆ ಒತ್ಕೊಂಡು ಗುಡ್ಡದ ನೆತ್ತಿಗೆ ಓಗೋನು. ಅಲ್ಲಿ ಬೋಳುಬಂಡೆ ಮ್ಯಾಲೆ ಬೆಂಕಿ ಅಚ್ಚಿ, ಅದು ಚೆನ್ನಾಗಿ ಉರಿಯೋಗಂಟ ನಿಂತಿದ್ದು, ಆರಿಸ್ಬುಟ್ಟು ಇಳ್ದು ಬರೋನು. ಕತ್ಲಲ್ಲಿ. ಆನೆ ತಿರ್ಗೋ ಜಾಗ ಅದು. ಬ್ಯಾಡ ಅಂದ್ರೂ ಕೇಳ್ತಿರ್ಲಿಲ್ಲ."

"ದೊಡ್ಡೀನೇ ಗುಡ್ಡದ ಈ ಕಡೆ ಕಟ್ಬೋದಿತ್ತಲ್ಲ?"

"ಈ ಕಡೆ ನೀರೆಲ್ಲೈತೆ? ಕುರಿ ಏನ್ ಕುಡೀತಾವೆ?"

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವಳ್ಗೆ ಗೊತ್ತಾದ್ರೆ ಗುಡ್ಡ ಅತ್ತಬ್ಯಾಡ ಅಂತಾಳೆ, ಆಮ್ಯಾಲೆ ಬೆಂಕಿ ಕಾಣ್ದೆ ಉಪಾಸ ಮಲಗ್ತಾಳೆ ಅಂತ ನನ್ ಕೈಲಿ ಆಣೆ ಆಕುಸ್ಕೊಂಡಿದ್ದ" ಎಂದ. "ಜ್ವರ ಬಂದಾಗ ನನ್ನ ಕಳ್ಸೋನು. ನಾನು ಬೈಕೊಂಡೇ ಗುಡ್ಡ ಅತ್ತಿದ್ದೀನಿ ಕಣ್ಣು. ಈಗ ಏಳ್ಬುಟ್ಟೆ. ಕೇಳೋಕೆ ಅವ್ನೇ ಇಲ್ವಲ್ಲ."

ಫೋನ್ ಇಟ್ಟು ಬೆಂಕಿಯನ್ನು ತಗ್ಗಿನಿಂದ ತೆಗೆದು ಗುಡ್ಡದ ನೆತ್ತಿಯ ಮೇಲೆ ಇಟ್ಟೆ. ಹಿತ್ತಲಿನ ಕ್ಯಾಮೆರಾಕ್ಕೆ ಬಂದೆ. ಕಪ್ಪು ಬೆಟ್ಟದಲ್ಲಿ, ಬಲಗಡೆ, ನಾನು ಚಿಕ್ಕವಳಾಗಿದ್ದಾಗ ನೋಡಿದ್ದ ಜಾಗದಲ್ಲೇ ಅದು ಕಾಣಿಸಿತು. ಆಫೀಸಿನಲ್ಲಿ ಎಲ್ಲರ ನಡುವೆ ಕೂತಿದ್ದೇನೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ. ಪಕ್ಕದವಳು ಫೈಲ್ ಹೋಯಿತೇ ಎಂದು ಕೇಳಿದಳು, ಹೂಂ ಎಂದೆ.

ಅವತ್ತು ಸಂಜೆ ಅವ್ವನನ್ನು ಕೂರಿಸಿ ತೋರಿಸಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನೋಡಿದಳು. "ಅದೇ ಜಾಗ. ಅದೇ ಬೆಂಕಿ" ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಸಂತೋಷವಾಗಿ ಎದ್ದು ಹೋಗುತ್ತಿದ್ದಳು. ಆದರೆ ಅಪ್ಪ ಮಾಡಿದ್ದು ಅವಳಿಗೆ ಗೊತ್ತಾಗದೇ ಹೋಗುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ದೊಡ್ಡಿ ಎಲ್ಲಿತ್ತು, ಗುಡ್ಡ ಎಲ್ಲಿತ್ತು ಎಂದು ಪರದೆಯ ಮೇಲೆ ತೋರಿಸಿ, ಚಿಕ್ಕಪ್ಪ ಹೇಳಿದ್ದೆಲ್ಲ ಹೇಳಿದೆ.

ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಅದಕ್ಕೇ ಪ್ರತಿ ವರ್ಸ ಮಂಡಿ ಊದುಸ್ಕೊಂಡು ಬರ್ತಿದ್ದ. ನಾನು ಎಣ್ಣೆ ತಿಕ್ತಾ ಬೈತಿದ್ದೆ, ಕುರಿ ಮೇಯೋವಾಗ ಒಂದ್ ಗಳಿಗೆ ಕುಂತ್ಕೊಳಾಕೇನು ರೋಗ ಅಂತ. ಬಾಯಿ ಬಿಡ್ಲಿಲ್ಲ ನೋಡು. ಬೆಂಕಿ ತಡ ಆದ್ರೆ ಮನೆಗೆ ಬಂದಾಗ ಅದಕ್ಕೂ ಬೈದಿದ್ದೀನಿ." ಕೊನೆಗೆ, "ಒಂದ್ ಮಾತು ಏಳಿದ್ರೆ ನೋಡ್ದೇನೇ ಉಣ್ತಿದ್ದೆ ಕಣ್ಣು" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಪರದೆಯ ಕಡೆ ಬೆರಳು ತೋರಿಸಿದಳು. "ಅವ್ನು ನಿಂತಿದ್ದ ಜಾಗದಿಂದ ಕೆಳಗೆ ತೋರ್ಸು."

ಕ್ಯಾಮೆರಾವನ್ನು ಗುಡ್ಡದ ನೆತ್ತಿಗೆ ಒಯ್ದು ಕೆಳಕ್ಕೆ ತಿರುಗಿಸಿದೆ. ಕಪ್ಪು ಇಳಿಜಾರು, ದೂರದಲ್ಲಿ ಮಂಕಾಗಿ ಅಣೆಕಟ್ಟಿನ ನೀರು, ಅಷ್ಟೇ. ನಾನು ನೆಲ ಮಾಡಿದ್ದೆ, ಊರು ಮಾಡಿರಲಿಲ್ಲ.

"ನಮ್ಮನೆ ಎಲ್ಲೈತೆ?"

"ಇಲ್ಲಿ ಬರ್ಬೇಕು ಅವ್ವ. ಮನೆ ಕಟ್ಟಿಲ್ಲ ನಾನು. ನಾಳೆ ಕಟ್ತೀನಿ."

"ಕಟ್ಟಿದ್ರೂ ಕಾಣಾಕಿಲ್ಲ. ಸೀಮೆಣ್ಣೆ ಉಳೀಲಿ ಅಂತ ಒಂದೇ ದೀಪ, ಅದೂ ನಿಮ್ಗೆ ಓದಾಕೆ ಒಳಗೆ ಮಡಗ್ತಿದ್ದೆ. ನಾನು ಆಚೆ ಕತ್ಲಲ್ಲೇ ಕುಂತಿರ್ತಿದ್ದೆ. ಅವ್ನ ಬೆಂಕಿ ನಾನು ನೋಡ್ದೆ, ಅವ್ನಿಗೆ ಕೆಳಗೆ ಏನ್ ಕಾಣ್ತು? ಬರೀ ಕತ್ಲೆ ನೋಡ್ಕೊಂಡು ಇಳ್ದು ಓಗ್ತಿದ್ದ." ಆಮೇಲೆ, "ಇತ್ಲಲ್ಲಿ ಒಂದು ದೀಪ ಮಡಗು ಕಣ್ಣು" ಎಂದಳು.

ಇಟ್ಟೆ. ಅಷ್ಟು ಮೇಲಿನಿಂದ ಅದು ಸಾಸಿವೆಯಷ್ಟೇ ಕಂಡಿತು, ಆದರೆ ಕಂಡಿತು. ಅವ್ವ ಅದನ್ನೇ ನೋಡುತ್ತ ಕೂತಳು. ನನ್ನ ಗಂಡ ಆಫೀಸಿನಿಂದ ಬಂದವರು ಏನೋ ಕೇಳಲು ಹೋಗಿ ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದರು.

ಆಮೇಲೆ ನಾನು ಎಷ್ಟೋ ಬೆಟ್ಟ ಮಾಡಿದ್ದೇನೆ. ಎಲ್ಲಿ ಕ್ಯಾಮೆರಾ ಇಟ್ಟರೂ ಅಪ್ಪನ ನೆನಪು ಬರುತ್ತದೆ. ಅವನು ಇದ್ದಾಗ ನನಗೆ ಅವನ ಜೊತೆ ಹೆಚ್ಚು ಮಾತಿರಲಿಲ್ಲ. ವರ್ಷದಲ್ಲಿ ಅರ್ಧ ಕಾಲ ಬೆಟ್ಟದಲ್ಲಿ ಇರುವವನು, ಮನೆಗೆ ಬಂದರೂ ಕುರಿಯ ವಾಸನೆ ಹೊತ್ತು ಮೂಲೆಯಲ್ಲಿ ಕೂರುವವನು ಎಂದಷ್ಟೇ ತಿಳಿದಿದ್ದೆ. ಅವನ ಜೊತೆ ಒಂದು ಸಂಜೆ ಆ ಗುಡ್ಡ ಹತ್ತಬೇಕಿತ್ತು ಎಂದು ಈಗ ಜೀವ ಎಳೆಯುತ್ತದೆ. ಕೆಳಗಿನಿಂದ ಒಂದು ಬೆಂಕಿ ತೋರಿಸೋಣ, ಬೆಟ್ಟದಲ್ಲಿರುವವರಿಗೂ ನಾವು ಚೆನ್ನಾಗಿದ್ದೇವೆ ಎಂದು ಗೊತ್ತಾಗಲಿ ಎಂದು ನಮ್ಮ ಊರಿನಲ್ಲಿ ಯಾರಿಗೂ ಒಂದು ದಿನವೂ ಅನ್ನಿಸಲಿಲ್ಲ. ನನಗಾದರೂ ಅನ್ನಿಸಬೇಕಿತ್ತು. ಪರದೆಯ ಮೇಲೆ ದೀಪ ಇಡುವುದು ಎಷ್ಟು ಸುಲಭ. ನೋಡಬೇಕಾದವನು ಮಾತ್ರ ಗುಡ್ಡದ ಮೇಲೆ ಇಲ್ಲ.