ಬ್ಯಾಕ್‌ಸ್ಪೇಸ್ ಮುಟ್ಟದ ಅಪ್ಪ

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಅಪ್ಪನಿಗೆ ಐವತ್ತಾರು ವರ್ಷ, ಅವರ ಟೈಪ್‌ರೈಟರಿಗೆ ಮೂವತ್ತೊಂದು. ಇಬ್ಬರಲ್ಲಿ ಹೆಚ್ಚು ಸದ್ದು ಯಾರದು ಎಂಬುದರಲ್ಲಿ ಅವ್ವನಿಗೆ ಅನುಮಾನವೇ ಇರಲಿಲ್ಲ. ಯಂತ್ರವನ್ನಾದರೂ ಸಂಜೆಗೆ ಮುಚ್ಚಿಡಬಹುದು ಎನ್ನುತ್ತಿದ್ದಳು.

ಖಾನಾಪುರದ ಕೋರ್ಟಿನ ಹತ್ತಿರ ಒಬ್ಬ ಹಿರಿಯ ವಕೀಲರ ಆಫೀಸು. ಅದರ ಮುಂದಿನ ಕಟ್ಟೆಯ ಮೇಲೆ ಒಂದು ಟೇಬಲ್, ಟೇಬಲ್ಲಿನ ಹಿಂದೆ ಅಪ್ಪ. ವಕೀಲರು ಹೇಳಿದ್ದನ್ನೂ ಕಕ್ಷಿದಾರರು ತಂದ ಸ್ಟ್ಯಾಂಪ್ ಕಾಗದಗಳನ್ನೂ ಟೈಪ್ ಮಾಡುವುದು ಅವರ ಕೆಲಸ. ಆ ಜೂನ್‌ನಲ್ಲಿ ವಕೀಲರು ಕಂಪ್ಯೂಟರ್ ತಂದರು. ಮೊದಲ ವಾರ ಅದಕ್ಕೆ ಟಾವೆಲ್ ಹೊದಿಸಿಟ್ಟು ಬಂದವರಿಗೆಲ್ಲ ತೋರಿಸಿದರು. ಎರಡನೆಯ ವಾರ ಅಪ್ಪನನ್ನು ಒಳಗೆ ಕರೆದರು.

“ಗಣಪತಿ ಹಬ್ಬದೊಳಗ ಇದನ್ನ ಕಲೀರಿ. ಆಗೂದಿಲ್ಲಂದ್ರ ಈಗs ಹೇಳಿಬಿಡ್ರಿ, ಕಂಪ್ಯೂಟರ್ ಕಲ್ತ ಹುಡುಗಿ ಒಬ್ಬಾಕಿನ್ನ ಬೆಳಗಾವಿಯಿಂದ ತರಸ್ತೀನಿ. ಆಮ್ಯಾಲ ಕಟ್ಟಿ ಮ್ಯಾಲ ಎರಡು ಟೇಬಲ್ ಹಿಡಸೂದಿಲ್ಲ ನೋಡ್ರಿ.”

ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದರು. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಕಲೀರಿ ಮತ್ತ. ನಿಮ್ಮ ಮಗಳು ಅದನ್ನs ಕಲಿಯಾಕ ಹೋಗ್ತಾಳಲ್ಲ ದಿನಾ ಬೆಳಗಾವಿಗೆ. ಆಕಿ ಹೇಳಿಕೊಡ್ತಾಳ.”

“ಇಕಿ ನನಗ ಹೇಳಿಕೊಡೂದಾ?” ಎಂದರು ಅಪ್ಪ. “ಇಕಿಗೆ ಅಆಇಈ ಕಲಿಸಿದಾಂವ ನಾನು.”

“ಹಂಗಾರ ಆಕಿ ಫೀಸ್ ತಗೊಳ್ಳೂದಿಲ್ಲ ಬಿಡ್ರಿ,” ಎಂದಳು ಅವ್ವ.

ನಾನಾಗ ಬಿ.ಕಾಂ. ಎರಡನೆಯ ವರ್ಷ. ಜೊತೆಗೆ ಕಾಲೇಜಿನ ಹತ್ತಿರದ ಒಂದು ಸಂಸ್ಥೆಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು. ಡೈರಿ ಬರೆಯುವ ಚಟವಿತ್ತು. ಖಾನಾಪುರದ ಬಸ್ಸು ಎಂದು ಎಷ್ಟು ತಡವಾಯಿತು, ನಮ್ಮ ಕಂಪ್ಯೂಟರ್ ಮಾಸ್ತರರು ವಾರದಲ್ಲಿ ಎಷ್ಟು ದಿನ ಬಂದರು ಎಂದೆಲ್ಲ ಲೆಕ್ಕ ಇಡುತ್ತಿದ್ದೆ. ಜುಲೈನಿಂದ ಅದರಲ್ಲಿ ಅಪ್ಪನ ಲೆಕ್ಕವೂ ಸೇರಿತು.

ಕಲಿಯದ ಕೈಗೆ ತಮ್ಮ ಹೊಸ ಯಂತ್ರ ಕೊಡಲು ವಕೀಲರು ತಯಾರಿರಲಿಲ್ಲ. ಹಾಗಾಗಿ ಭಾನುವಾರಗಳಂದು ಅಪ್ಪ ಮತ್ತು ನಾನು ಬಸ್ಸು ಹಿಡಿದು ಬೆಳಗಾವಿಯ ಒಂದು ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಅಲ್ಲಿ ಪ್ಲೈವುಡ್ಡಿನ ಎಂಟು ಗೂಡುಗಳು, ಪ್ರತಿ ಗೂಡಿಗೊಂದು ಪರದೆ. ಒಳಗೆ ಜೋಡಿಜೋಡಿಯಾಗಿ ಕೂತ ಕಾಲೇಜು ಹುಡುಗ ಹುಡುಗಿಯರು ಉಸಿರೂ ಕೇಳಿಸದಂತೆ ಅಭ್ಯಾಸ ಮಾಡುತ್ತಿದ್ದರು. ಅವರ ನಡುವೆ ಅಪ್ಪ ಕೂತು ಕೀಬೋರ್ಡಿನ ಮೇಲೆ ಮೊದಲ ಏಟು ಹಾಕಿದಾಗ ಮೂರು ಪರದೆಗಳು ಒಮ್ಮೆಲೇ ಸರಿದವು. ಒಬ್ಬ ಹುಡುಗಿ ತನ್ನಪ್ಪನೇ ಬಂದನೆಂದು ತಿಳಿದು ಬ್ಯಾಗು ಎತ್ತಿಕೊಂಡು ಹೊರಟೇಹೋದಳು.

“ಅಪ್ಪಾ, ಸಾವಕಾಶ ಒತ್ರಿ. ಮುಟ್ಟಿದ್ರ ಸಾಕು.”

“ಮುಟ್ಟಿದ್ರ ಅಕ್ಷರ ಹೆಂಗ ಮೂಡ್ತೈತಿ? ಕೆಳಗ ಮೂರು ಕಾರ್ಬನ್ ಕಾಪಿ ಇರ್ತಾವ.”

“ಇಲ್ಲಿ ಕಾರ್ಬನ್ ಇಲ್ರಿ.”

“ಮತ್ತ ಇದ್ಯಾವ ಸೀಮಿ ಆಫೀಸು,” ಎಂದು ಬಾಜೂ ಗೂಡಿನ ಕಡೆ ನೋಡಿದರು. “ಎಷ್ಟ ಗಪ್ ಕುಂತು ಓದ್ತಾರ ನೋಡು ಈ ಹುಡುಗ್ರು. ನೀನೂ ಇಷ್ಟು ಓದಿದ್ರ ಪಾಸ್ ಆಗಿರ್ತಿದ್ದಿ ಅಕೌಂಟ್ಸಿನ್ಯಾಗ.”

ಬೆರಳುಗಳ ವೇಗದಲ್ಲಿ ಅಪ್ಪನನ್ನು ಮೀರಿಸುವವರು ಆ ಕೆಫೆಯಲ್ಲಿ ಇರಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಟೈಪ್‌ರೈಟರಿನಂತೆ ಗಂಟೆ ಬಾರಿಸುವುದನ್ನು ಕಾಯುತ್ತಿದ್ದರು. ಗಂಟೆ ಬಾರಿಸದಿದ್ದಾಗ ತಾವೇ ಬಾಯಲ್ಲಿ ‘ಟಣ್’ ಎಂದು ಎಂಟರ್ ಒತ್ತುತ್ತಿದ್ದರು. ಮೊದಲ ಭಾನುವಾರ: ಸಾಲು ನಲವತ್ತು, ಎಂಟರ್ ನಲವತ್ತು, ಟಣ್ ನಲವತ್ತು. ನಾಲ್ಕನೆಯ ಭಾನುವಾರದ ಹೊತ್ತಿಗೆ ಎಂಟರ್ ಒಂಬತ್ತಕ್ಕೆ ಇಳಿದಿತ್ತು. ಟಣ್ ಮಾತ್ರ ನಲವತ್ತೇ ಉಳಿಯಿತು.

ನಿಜವಾದ ಜಗಳ ಬ್ಯಾಕ್‌ಸ್ಪೇಸಿನದು. ಟೈಪ್‌ರೈಟರಿನಲ್ಲಿ ಆ ಕೀಲಿ ಒತ್ತಿದರೆ ಯಂತ್ರ ಒಂದು ಅಕ್ಷರ ಹಿಂದೆ ಸರಿಯುತ್ತದೆ, ಅಷ್ಟೇ. ಬರೆದದ್ದು ಅಲ್ಲೇ ಇರುತ್ತದೆ. ಇಲ್ಲಿ ಒತ್ತಿದಾಗ ಅಕ್ಷರವೇ ಮಾಯವಾಯಿತು. ಅಪ್ಪ ಕೈ ಹಿಂದೆಳೆದುಕೊಂಡರು.

“ಎಲ್ಲಿ ಹೋತು?”

“ಅಳಿಸಿತ್ರಿ. ತಪ್ಪಾಗಿತ್ತಲ್ಲ.”

“ತಪ್ಪಾದ್ರ ಅಳಸೂದಾ? ಯಾರು ಕಲಿಸಿದ್ರು ನಿನಗ ಇದನ್ನ?”

ಸ್ಟ್ಯಾಂಪ್ ಕಾಗದದ ಮೇಲೆ ಅಳಿಸುವಂತಿಲ್ಲ. ಕೆರೆದ ಗುರುತು ಕಂಡರೆ ಆ ಕಾಗದವನ್ನು ಯಾರೂ ನಂಬುವುದಿಲ್ಲ. ತಪ್ಪಿದ ಶಬ್ದದ ಮೇಲೆ ಅದು ಓದಲು ಬರುವಂತೆಯೇ ಗೆರೆ ಹೊಡೆಯಬೇಕು, ಪಕ್ಕದಲ್ಲಿ ಎರಡೂ ಕಡೆಯವರ ಸಹಿ ಹಾಕಿಸಬೇಕು, ಪುಟದ ಕೆಳಗೆ ‘ಎರಡು ಶಬ್ದ ಹೊಡೆದಿದೆ, ಒಂದು ಶಬ್ದ ಸೇರಿಸಿದೆ’ ಎಂದು ಬರೆಯಬೇಕು. ಮೂವತ್ತೊಂದು ವರ್ಷ ಅಪ್ಪ ಹೀಗೆಯೇ ಮಾಡಿದವರು. ಮನೆಯಲ್ಲಿ ಕಿರಾಣಿ ಯಾದಿಯಲ್ಲಿ ತೊಗರಿಬೇಳೆ ಬೇಡವಾದರೂ ಅದರ ಮೇಲೆ ಗೆರೆ ಹೊಡೆದು ಅವ್ವನ ಮುಂದೆ ಹಿಡಿಯುತ್ತಿದ್ದರು. “ಸಹಿ ಮಾಡ್ಲೇನ್ರಿ?” ಎಂದು ಅವ್ವ ಲಟ್ಟಣಿಗೆ ತೋರಿಸುತ್ತಿದ್ದಳು.

ಆದ್ದರಿಂದ ಅಪ್ಪ ಬ್ಯಾಕ್‌ಸ್ಪೇಸ್ ಮುಟ್ಟುವುದಿಲ್ಲ ಎಂದರು. ಎರಡು ಭಾನುವಾರ ಇದರಲ್ಲೇ ಹೋಯಿತು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ವಾದ ಮಾಡುತ್ತ ಬಸ್ಸು ತಪ್ಪಿಸಿಕೊಂಡು ಎರಡೂ ಭಾನುವಾರ ಉಪವಾಸ ಮಲಗಿದೆವು. ಮೂರನೆಯ ಸಲ ನನಗೆ ತತ್ವಕ್ಕಿಂತ ಹಸಿವು ದೊಡ್ಡದೆನಿಸಿ, ಶಬ್ದದ ನಡುವೆ ಗೆರೆ ಹೊಡೆಯುವ ಸೌಲಭ್ಯ ಕಂಪ್ಯೂಟರಿನಲ್ಲೇ ಇರುವುದನ್ನು ತೋರಿಸಿಬಿಟ್ಟೆ. ಗೆರೆಯ ಕೆಳಗೆ ಶಬ್ದ ಚೊಕ್ಕವಾಗಿ ಕಾಣುತ್ತಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಹಾಂ! ಮಾಡಿದಾಂವ ಶಾಣ್ಯಾ ಅದಾನ. ಅಂವಗ ಕಾಯ್ದೆ ಗೊತ್ತೈತಿ.”

ಆಗಸ್ಟಿನಲ್ಲಿ ವಕೀಲರು ಅಪ್ಪನಿಗೆ ಒಳಗಿನ ಕುರ್ಚಿ ಕೊಟ್ಟರು. ಮೊದಲ ದೊಡ್ಡ ಕೆಲಸ ಇಬ್ಬರು ಅಣ್ಣತಮ್ಮಂದಿರ ವಾಟಣಿಯ ಕರಡು, ಅಂದರೆ ಹೊಲ ಮನೆ ಪಾಲು ಮಾಡಿಕೊಳ್ಳುವ ಪತ್ರ. ಊರಲ್ಲಿದ್ದ ಅಣ್ಣ ನಮ್ಮ ವಕೀಲರ ಕಕ್ಷಿದಾರ. ತಮ್ಮ ಪುಣೆಯಲ್ಲಿದ್ದ, ಅವನಿಗೆ ಕರಡನ್ನು ಇಂಗ್ಲಿಷಿನಲ್ಲಿ ಇ-ಮೇಲ್ ಮಾಡಬೇಕಿತ್ತು. ಬಾವಿ ಪೂರ್ತಿ ಅಣ್ಣನಿಗೆ ಎಂದು ಶನಿವಾರ ವಕೀಲರು ಹೇಳಿ ಬರೆಸಿದರು. ಸೋಮವಾರ ಮನಸ್ಸು ಬದಲಿಸಿದರು.

“ಆ ಸಾಲು ಬ್ಯಾಡ. ತಮ್ಮ ಒಪ್ಪೂದಿಲ್ಲ. ಬಾವಿ ಅರ್ಧಾ ಅರ್ಧಾ ಅಂತ ಮಾಡಿ ಇವತ್ತs ಕಳಸಿಬಿಡ್ರಿ,” ಎಂದು ಜೀಪು ಹತ್ತಿದರು. ಕಣಕುಂಬಿಯ ಕಡೆ ಯಾರದೋ ಜಮೀನು ನೋಡಲು ಹೋಗುವುದಿತ್ತು.

ಅಪ್ಪ ತಮ್ಮ ಕ್ರಮದಂತೆ ಬದಲಾಯಿಸಿದರು. ಫ್ಲಾಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟು ಬೆಳಗಾವಿಗೆ ಬಂದರು. ನಾನು ಕಾಲೇಜಿನಿಂದ ಕೆಫೆಗೆ ಹೋಗಿ ಕಡತವನ್ನು ತೆರೆದು ನೋಡದೆ ಹಾಗೇ ಲಗತ್ತಿಸಿ ಕಳಿಸಿದೆ. ಅಪ್ಪ ಹತ್ತು ನಿಮಿಷ ಅಲ್ಲೇ ನಿಂತರು.

“ಮುಟ್ಟಿದ್ದಕ್ಕ ಪೋಚ್ ಬರೂದಿಲ್ಲೇನು?”

ಪೋಚ್, ಅಂದರೆ ತಲುಪಿದ್ದಕ್ಕೆ ರಸೀದಿ, ಮರುದಿನ ಮಧ್ಯಾಹ್ನ ಬಂತು, ಟೆಲಿಫೋನಿನಲ್ಲಿ. ಪುಣೆಯ ತಮ್ಮ ಮರಾಠಿಯಲ್ಲಿ ವಕೀಲರಿಗೆ ಕೇಳಿದ್ದು ಒಂದೇ ಪ್ರಶ್ನೆ: ಬಾವಿ ಪೂರ್ತಿ ನುಂಗುವ ವಿಚಾರ ನಮ್ಮಣ್ಣನದೋ, ನಿಮ್ಮದೋ?

ಕರಡಿನ ಎರಡನೆಯ ಪುಟದಲ್ಲಿ ಶನಿವಾರದ ಸಾಲು ನಡುವೆ ಒಂದು ಗೆರೆ ಹೊತ್ತು ಸ್ವಚ್ಛವಾಗಿ ಮಲಗಿತ್ತು. ಅದರ ಮುಂದೆ ಸೋಮವಾರದ ಸಾಲು. ಪುಟದ ಕೆಳಗೆ ‘ಒಂದು ವಾಕ್ಯ ಹೊಡೆದಿದೆ, ಒಂದು ವಾಕ್ಯ ಸೇರಿಸಿದೆ’ ಎಂಬ ಟಿಪ್ಪಣಿ. ಪಕ್ಕದಲ್ಲಿ ತಮ್ಮನ ಸಹಿಗೆ ಚುಕ್ಕೆ ಚುಕ್ಕೆಯ ಜಾಗವನ್ನೂ ಅಪ್ಪ ಬಿಟ್ಟಿದ್ದರು.

ವಕೀಲರು ಹೆಚ್ಚು ಬೈಯಲಿಲ್ಲವಂತೆ. “ನಾಳೆ ಪುಣೆಗೆ ಮಾಫಿ ಪತ್ರ ಬರಿಯೂದೈತಿ. ನನ್ನ ಮುಂದ ಕುಂತು ಟೈಪ್ ಹೊಡೀರಿ. ಅದರಾಗ ಒಂದು ಗೆರಿ ಕಂಡ್ರ ಟೇಬಲ್ ಎತಗೊಂಡು ಹೋಗ್ರಿ,” ಎಂದರಂತೆ. ಆ ಸಂಜೆ ಊಟದಲ್ಲಿ ಅಪ್ಪ ಅನ್ನವನ್ನು ಎರಡನೆಯ ಸಲ ಕೇಳಲಿಲ್ಲ. ಅವ್ವನೂ ತಮಾಷೆ ಮಾಡಲಿಲ್ಲ.

ಮರುದಿನ ನಾನೂ ಜೊತೆಗೆ ಹೋದೆ. ವಕೀಲರು ಅಡ್ಡಾಡುತ್ತ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅಪ್ಪ ಟೈಪ್ ಮಾಡಿದರು, ಟಣ್ ಎನ್ನದೆ. ನಾಲ್ಕನೆಯ ಸಾಲಿನಲ್ಲಿ ‘ನಮ್ಮ ಟೈಪಿಸ್ಟನ ತಪ್ಪಿನಿಂದಾಗಿ’ ಎಂದು ಬಂತು. ಅದನ್ನೂ ಟೈಪ್ ಮಾಡಿದರು. ಆಮೇಲೆ ಕೈ ನಿಂತಿತು.

“ಸಾಹೇಬ್ರ, ಇದು ಖರೇ ಅಲ್ರಿ.”

“ಏನು ಖರೇ ಅಲ್ಲ?”

“ಬಾವಿ ಸಾಲು ನೀವು ಹೇಳಿದ್ದು. ನಾ ತೋರಿಸಿದ್ದು ತಪ್ಪು, ಒಪ್ಪತೀನಿ. ಆದ್ರ ಆ ಸಾಲು ನಾನs ಬರದೀನಿ ಅಂತ ಆಗ್ತೈತಿ ಇದರಾಗ.”

ವಕೀಲರು ಕಿಟಕಿಯ ಹೊರಗೆ ನೋಡಿದರು. ಮುಂದಿನ ಮಾತು ಟೇಬಲ್ಲಿನದೇ ಎಂದುಕೊಂಡೆ.

“ಹಂಗಾರ ‘ನಜರಚೂಕಿನಿಂದ’ ಅಂತ ಹಾಕ್ರಿ. ಕಣ್ತಪ್ಪು ಅಂದ್ರ ಅದು ಯಾರದೂ ಅಲ್ಲ.”

“ಇದಕ್ಕ ಗೆರಿ...”

“ಗೆರಿ ಬ್ಯಾಡ! ತೆಗೀರಿ ಅದನ್ನ!”

ಅಪ್ಪ ಬ್ಯಾಕ್‌ಸ್ಪೇಸ್ ಮೇಲೆ ಬೆರಳಿಟ್ಟರು. ತಮ್ಮ ಮೇಲಿನ ಆರೋಪ ಒಂದೊಂದೇ ಅಕ್ಷರವಾಗಿ ಕರಗುವುದನ್ನು ನೋಡುತ್ತಿದ್ದಂತೆ ಅವರ ಮುಖದ ಗಂಟು ಸಡಿಲವಾಯಿತು. ತಪ್ಪು ಹೋಯಿತು, ಟೈಪಿಸ್ಟ್ ಹೋದ. ಬೆರಳು ಏಳಲಿಲ್ಲ. ಮೇಲಿನ ಸಾಲು ಹೋಯಿತು, ಅದರ ಮೇಲಿನದು ಹೋಯಿತು. ಕೊನೆಗೆ ಪುಣೆಯ ವಿಳಾಸವೂ ಹೋಗಿ ಬಿಳಿ ಪರದೆ ಉಳಿಯಿತು.

“ಸಾಕ್ರಿ, ಸಾಕು!” ಎಂದ ವಕೀಲರು ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರು.

ಅಪ್ಪ ನಗಲಿಲ್ಲ. ಕೇಳಿದ್ದನ್ನೆಲ್ಲ ನೆನಪಿನಿಂದಲೇ ಮೊದಲಿನಿಂದ ಟೈಪ್ ಮಾಡಿದರು, ನಜರಚೂಕು ಸಮೇತ. ವಕೀಲರು ಎರಡು ಸಲ ಓದಿ ಸಹಿ ಮಾಡಿದರು.

“ನಾಳೆ ಜಲ್ದಿ ಬರ್ರಿ. ಮೂರು ಅರ್ಜಿ ಅದಾವ.”

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಏನಾತ್ರಿ?”

“ಉಳೀತು.”

“ಏನು ಉಳೀತು, ಟೇಬಲ್ಲೋ ಮರ್ಯಾದಿನೋ?”

“ಟೇಬಲ್,” ಎಂದು ಅಪ್ಪ ಚಪ್ಪಲಿ ಬಿಟ್ಟರು. “ಛಾ ಇಡು.”