ಅಂಗೈಯಲ್ಲಿ ಕರಗಿದ ಐಸು

ಇಷ್ಟು ವರ್ಷವಾದರೂ ಆ ಸಾಹುಕಾರ ನೆನಪಾದರೆ ನನಗೆ ಮೈ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಮನೆಯವರು ಹೇಳುತ್ತಾರೆ. ಇಟ್ಟುಕೊಂಡಿದ್ದೇನೆ, ಏನೀಗ?

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಮದ್ದೂರಿನಲ್ಲಿ ನಾನೂ ಸಾಬರೂ ಸೇರಿ ಮೋಟಾರು ರಿಪೇರಿ ಅಂಗಡಿ ನಡೆಸುತ್ತಿದ್ದೆವು, ಪೆಟ್ರೋಲನ್ನೂ ಮಾರುತ್ತಿದ್ದೆವು. ಸಾಬರು ನನಗಿಂತ ಹದಿನೈದು ವರ್ಷ ದೊಡ್ಡವರು. ಯುದ್ಧಕಾಲದಲ್ಲಿ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದಾಗ ಕೆಟ್ಟು ನಿಂತದ್ದೆಲ್ಲ ಅವರ ಕೈಗೇ ಬರುತ್ತಿತ್ತು. ಪೆಟ್ರೋಲು ಮತ್ತೆ ಬಂತು, ಅದರ ಹಿಂದೆಯೇ ಕಲಬೆರಕೆಯೂ ಬಂತು. ಸಾಬರು ಮಾತ್ರ ಆಲಿಕೆಗೆ ಮೆತ್ತನೆಯ ತೊಗಲು ಹಾಸಿ, ಎರಡೆರಡು ಸಲ ಸೋಸಿಯೇ ಹಾಕುತ್ತಿದ್ದರು. ಪೆಟ್ರೋಲು ಕೆಳಗಿಳಿಯುತ್ತದೆ, ನೀರಿನ ಹನಿಯಿದ್ದರೆ ತೊಗಲಿನ ಮೇಲೇ ನಿಲ್ಲುತ್ತದೆ. ಸಾಬರು ಸೋಸಿದ್ದು ಎಂದರೆ ಡ್ರೈವರುಗಳು ಕಣ್ಣು ಮುಚ್ಚಿಕೊಂಡು ಹಾಕಿಸಿಕೊಳ್ಳುತ್ತಿದ್ದರು. ಆ ಹೆಸರು ಬಿಟ್ಟರೆ ಅವರಿಗೆ ಬೇರೆ ಆಸ್ತಿ ಇರಲಿಲ್ಲ.

ಸಾಹುಕಾರ ಮಳವಳ್ಳಿ ಕಡೆಯ ಗುತ್ತಿಗೆದಾರ. ಯುದ್ಧದಲ್ಲಿ ಚೆನ್ನಾಗಿ ದುಡ್ಡು ಮಾಡಿ ದುಂಡಗಾಗಿ, ಬೆಂಗಳೂರಿನಲ್ಲಿ ವಿಮಾನ ಓಡಿಸುವುದನ್ನು ಕಲಿತು, ಎರಡೇ ಸೀಟಿನ ಒಂದು ಹಳೆಯ ವಿಮಾನ ಕೊಂಡಿದ್ದ. ಮದ್ದೂರಿನ ಹೊರಗೆ ಬಯಲು ಮಟ್ಟ ಮಾಡಿಸಿ ಅಲ್ಲಿ ಅದನ್ನು ಕಟ್ಟಿಹಾಕಿದ್ದ. ಎಂಜಿನ್ನು ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂತು.

ಆ ಎಂಜಿನ್ನಿನಲ್ಲಿ ಹೊಗೆಕೊಳವೆಯ ಪಕ್ಕದಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಬಿಸಿಗಾಳಿ ತರುವ ಒಂದು ತಗಡಿನ ಕೊಳವೆ ಇತ್ತು. ಸಾಹುಕಾರ ಅದನ್ನು ನೋಡಿ ನಕ್ಕ. "ಈ ಬಿಸಿಲ ಸೀಮೇಲಿ ಎಂಜಿನ್ನಿಗೆ ಬಿಸಿಗಾಳಿ ಯಾಕಯ್ಯಾ? ಬಿಚ್ಚಿ ಹಾಕು, ತೂಕವಾದರೂ ಕಮ್ಮಿಯಾಗುತ್ತೆ."

ಸಾಬರು ನನ್ನ ತೋಳು ಹಿಡಿದರು. "ಮಾಡ್ದೋರು ಸುಮ್ಕೆ ಮಡಗಿರ್ತಾರಾ? ಮುಟ್ಬ್ಯಾಡ, ಬುಡ್ಲಾ."

ಬಿಚ್ಚಿದವನು ನಾನು. ಸಾಹುಕಾರನ ಮಾತಿಗೆ ಎದುರಾಡುವ ಗಂಡಸುತನ ನನಗೆ ಆವತ್ತು ಇರಲಿಲ್ಲ. ಕೊಳವೆಯನ್ನು ಅಂಗಡಿಯ ಗೋಡೆಗೆ ನೇತುಹಾಕಿದೆ.

ಆಷಾಢದ ಒಂದು ಬೆಳಿಗ್ಗೆ ಸಾಹುಕಾರನಿಗೆ ಬ್ಲಫ್ ಎಂಬ ಊರಿನ ಕಡೆ ಹಾರಿ ಅಲ್ಲಿಯ ಜಲಪಾತವನ್ನು ಮೇಲಿಂದ ನೋಡುವ ಹುಕಿ ಬಂತು. ಎಲ್ಲಿಯಾದರೂ ಇಳಿದರೆ ಮುಂದಿನ ಫ್ಯಾನನ್ನು ಕೈಯಿಂದ ತಿರುಗಿಸಿ ಎಂಜಿನ್ನು ಎಬ್ಬಿಸಲು ಒಬ್ಬ ಬೇಕು. ಹಾಗಾಗಿ ನನ್ನನ್ನು ಮುಂದಿನ ಸೀಟಿಗೆ ತುರುಕಿದ. ಸಾಬರು ಎಂದಿನಂತೆ ಎರಡು ಸಲ ಸೋಸಿ ಪೆಟ್ರೋಲು ತುಂಬಿದರು. ತೊಗಲಿನ ಮೇಲೆ ಒಂದು ಹನಿಯೂ ನಿಂತಿರಲಿಲ್ಲ. ನಾನೇ ನೋಡಿದ್ದೆ.

ಮಳವಳ್ಳಿ ದಾಟುವಾಗ ತುಂತುರು ಮೋಡದೊಳಗೆ ಹೊಕ್ಕೆವು. ಮುಖವೆಲ್ಲ ಒದ್ದೆ. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ಕುಗ್ಗತೊಡಗಿತು, ಆಮೇಲೆ ಕೆಮ್ಮಿತು, ನಡುಗಿತು. ವಿಮಾನ ಕೆಳಕ್ಕೆ ಜಾರುತ್ತಿತ್ತು. ಸಾಹುಕಾರ ಹಿಂದಿನಿಂದ ನನ್ನನ್ನೂ ನನ್ನ ಹೆತ್ತವರನ್ನೂ ಬೈಯುತ್ತಲೇ ಇದ್ದ. ಪೂರಿಗಾಲಿಯ ಹತ್ತಿರದ ಗೋಮಾಳದಲ್ಲಿ ದನಗಳನ್ನು ಚದುರಿಸಿಕೊಂಡು ಕುಪ್ಪಳಿಸುತ್ತಾ ಇಳಿದೆವು. ಇಳಿಸಿದ್ದು ಅವನೇ, ಅದನ್ನು ಇಲ್ಲ ಎನ್ನುವುದಿಲ್ಲ.

ನಾನು ಕೆಳಗೆ ಹಾರಿ ಎಂಜಿನ್ನಿನ ಮುಚ್ಚಳ ತೆಗೆದೆ. ಕಾರ್ಬೊರೇಟರಿಗೆ ಕೈ ತಾಗಿದರೆ ಕೊರೆಯುವಷ್ಟು ತಣ್ಣಗಿತ್ತು. ಗಾಳಿ ಒಳಹೋಗುವ ಬಾಯಿ ಕಳಚಿ ನೋಡಿದೆ. ಒಳಗೆ ಕೊಬ್ಬರಿ ತುರಿಯಂತೆ ಬೆಳ್ಳಗೆ ಐಸು! ಪೆಟ್ರೋಲು ಕೈಮೇಲೆ ಚೆಲ್ಲಿದರೆ ಆರುವಾಗ ಚಳಿಯೆನ್ನಿಸುವುದಿಲ್ಲವೇ, ಅದೇ ಚಳಿ ಮೋಡದ ತೇವವನ್ನು ಅಲ್ಲೇ ಹೆಪ್ಪುಗಟ್ಟಿಸಿ ಎಂಜಿನ್ನಿನ ಉಸಿರು ಕಟ್ಟಿತ್ತು. ಆ ಬಿಸಿಗಾಳಿ ಕೊಳವೆ ಇದ್ದದ್ದು ಇದಕ್ಕೇ. ಐಸನ್ನು ಬೆರಳಿನಿಂದ ಕೆರೆದು ಅಂಗೈಗೆ ಹಾಕಿಕೊಂಡು, "ಬುದ್ಧೀ, ಬೇಗ ಬನ್ನಿ, ಇಲ್ನೋಡಿ!" ಎಂದು ಕೂಗಿದೆ.

ಸಾಹುಕಾರ ಬೇಗ ಬರಲಿಲ್ಲ. ಓಡಿ ಬಂದಿದ್ದ ಊರಿನವರ ಮುಂದೆ ಸಿಗರೇಟು ಹಚ್ಚಿ, ಕೋಟು ಕೊಡವಿಕೊಂಡು, ಆಮೇಲೆ ಬಂದ. ಅಷ್ಟರಲ್ಲಿ ನನ್ನ ಅಂಗೈಯಲ್ಲಿ ಉಳಿದಿದ್ದದ್ದು ಪೆಟ್ರೋಲು ವಾಸನೆಯ ನೀರು.

"ಏನದು?" ಎಂದ.

"ಐಸು ಬುದ್ಧಿ, ಈಗ ತಾನೇ..."

"ಐಸಾ? ಪೂರಿಗಾಲೀಲಾ?" ಊರಿನವರು ನಕ್ಕರು. "ನಿನ್ನ ಕೈಯಲ್ಲಿರೋದು ನೀರೋ ಅಲ್ಲವೋ? ಅಷ್ಟು ಹೇಳು."

"ನೀರು," ಎಂದೆ.

"ಕೇಳಿದಿರಾ? ಆ ಸಾಬಿ ಪೆಟ್ರೋಲಿಗೆ ನೀರು ಬೆರೆಸಿದಾನೆ. ಇವನೇ ಒಪ್ಪಿದ."

ಬಸ್ಸು ಹಿಡಿದು ನಾನು ಮದ್ದೂರು ಸೇರುವ ಮೊದಲೇ ಆ ಮಾತು ಸೇರಿತ್ತು. ತಿಂಗಳೊಳಗೆ ಜನ ಅವರನ್ನು 'ನೀರ್ ಸಾಬ್ರು' ಎನ್ನತೊಡಗಿದರು. ಅಲ್ಲಿಯವರೆಗೆ ಅವರ ಕೈಯಿಂದಲೇ ಪೆಟ್ರೋಲು ಹಾಕಿಸಿಕೊಂಡಿದ್ದ ಡ್ರೈವರುಗಳೂ ಅಂಗಡಿಯ ಮುಂದೆ ನಿಲ್ಲಿಸದೆ ಹೋದರು. ಐಸಿನ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿದೆ. ಕಾಫಿ ಹೋಟೆಲಿನಲ್ಲಿ ಒಬ್ಬನ ಕೊರಳಪಟ್ಟಿ ಹಿಡಿದೂ ಹೇಳಿದೆ. ನಂಬಿದವನು ಒಬ್ಬನೂ ಇಲ್ಲ. ಸಾಬರು ನನ್ನನ್ನು ಕೇಳಿದ್ದು ಒಂದೇ ಮಾತು: "ನೀರು ಅನ್ನಕ್ಕೆ ಬಾಯಿತ್ತು, ಸುಮ್ಕಿರಕ್ಕೆ ಆಗ್ನಿಲ್ವೇನ್ಲಾ?"

ದೀಪಾವಳಿಯ ಹೊತ್ತಿಗೆ ಸಾಹುಕಾರನ ಡ್ರೈವರು ಬಂದ. "ಅದ್ಯಾವ್ದೋ ಬಿಸಿಗಾಳಿ ಕೊಳ್ವೆ ನಿಮ್ತಾವ ಐತಂತೆ. ಬಂದು ಆಕ್ಬುಟ್ಟು ಓಗ್ಬೇಕಂತೆ."

ನನ್ನ ರಕ್ತ ಕುದಿಯಿತು. ಕೊಳವೆಯನ್ನು ತುಳಿದು ಚಪ್ಪಟೆ ಮಾಡುತ್ತೇನೆ ಎಂದು ಎದ್ದೆ. ಸಾಬರು ಅದನ್ನು ಗೋಡೆಯಿಂದ ಇಳಿಸಿ, ಒರೆಸಿ, ನನ್ನ ಕೈಗಿಟ್ಟರು. "ಬಿಚ್ಚಿದೋನು ನೀನು, ನೀನೇ ಆಕು. ಆದ್ರೆ ಯಾತಕ್ಕೆ ಆಕ್ತಿದ್ದೀನಿ ಅಂತ ಅವನ್ ಮಕ ನೋಡ್ಕೊಂಡು ಏಳ್ಬುಟ್ಟು ಬಾ."

ಹೋದೆ, ಹಾಕಿದೆ. ಬಯಲಿನಲ್ಲಿ ಅವನೂ ನಾನೂ ಇಬ್ಬರೇ. ಮುಖ ನೋಡಿಯೇ ಹೇಳಿದೆ: "ಇದು ಐಸು ಕಟ್ಟದ ಹಾಗೆ. ಆವತ್ತು ಸಾಬರ ಪೆಟ್ರೋಲಿನಲ್ಲಿ ನೀರಿರಲಿಲ್ಲ."

ಅವನು ಕೈಗವಸು ಎಳೆದುಕೊಳ್ಳುತ್ತಾ, "ಗೊತ್ತು ಬಿಡಯ್ಯಾ, ಬೆಂಗಳೂರಲ್ಲಿ ಹೇಳಿದರು," ಎಂದ. ಅಷ್ಟೇ. ಹತ್ತಿ ಕುಳಿತು, ಫ್ಯಾನು ತಿರುಗಿಸು ಎಂದು ಕೈ ಸನ್ನೆ ಮಾಡಿದ. ತಿರುಗಿಸದೆ ಬಂದುಬಿಟ್ಟೆ.

ಅಂಗಡಿಯಲ್ಲಿ ಸಾಬರು ತೊಗಲು ಹಿಂಡುತ್ತಾ ಕೂತಿದ್ದರು. "ಏನಂದ?" ಎಂದರು.

"ಗೊತ್ತಂತೆ."

ಅವರು ತೊಗಲನ್ನು ಕೊಡವಿ ಹಗ್ಗದ ಮೇಲೆ ಹರವಿದರು.

"ನಂಗೂ ಗೊತ್ತಿತ್ತು ಕಣ್ಲಾ," ಎಂದರು. "ಊರ್ಗೆ ಗೊತ್ತಾಗ್ಬೇಕಾಗಿತ್ತು."